ಮೆಟ್ರೋದಲ್ಲಿ ನಾರ್ವೀಜಿಯನ್ ತಾಳ

ನಾನು ಅನುಮಾನದ ಮನುಷ್ಯ. ಬೀಗ ಹಾಕಿದ ಮೇಲೂ ಬಾಗಿಲನ್ನು ಜಗ್ಗಿ ನೋಡದೆ ಸಿಡ್ನಿಯ ಕೆಲ್ಲಿವಿಲ್ಲಿನ ಮನೆ ಬಿಟ್ಟವನಲ್ಲ. ಅಂಥವನ ಪಕ್ಕದಲ್ಲೇ ಹೆಂಡತಿ ಮೆಟ್ರೋದಲ್ಲಿ ಕುಳಿತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತೊಡೆಯ ಮೇಲೆ ತಾಳ ಹಾಕತೊಡಗಿದರೆ ಏನಾಗಬೇಡ?

ಸಂಗೀತವಿರಬೇಕು ಅಂದುಕೊಂಡೆ. ಆದರೆ ಮೊದಲ ಪೆಟ್ಟು ಜೋರು, ಉಳಿದವು ಮೆಲ್ಲಗೆ. ಯಾವ ತಾಳಕ್ಕೂ ಕೂರುತ್ತಿರಲಿಲ್ಲ. ಕೇಳಿದ್ದಕ್ಕೆ ಸುಮ, "ನಾರ್ವೀಜಿಯನ್ ಕಲೀತಿದೀನಿ ಕಣ್ರೀ, ಟೈಮ್‌ಪಾಸ್‌ಗೆ" ಎಂದಳು. ಇಷ್ಟು ವರ್ಷ ಇಲ್ಲಿದ್ದು ಪಕ್ಕದ ಮನೆಯ ಚೀನೀ ಆಂಟಿಯ ಭಾಷೆಯಲ್ಲಿ ಒಂದು ನಮಸ್ಕಾರ ಕಲಿಯದವಳಿಗೆ ನಾರ್ವೆ ಟೈಮ್‌ಪಾಸಂತೆ.

ಅಂದಿನಿಂದ ಕಿವಿ ಅತ್ತಲೇ. ಆ ಭಾಷೆಯವರು ಪದಕ್ಕೆ ಪದ ಜೋಡಿಸಿ ಉದ್ದ ಮಾಡುತ್ತಾರೆ. ನಮ್ಮಲ್ಲಿ ದೇವ, ಆಲಯ ಸೇರಿ ದೇವಾಲಯವಾದರೆ ಬೆಸುಗೆಯೇ ಕಾಣುವುದಿಲ್ಲ. ಅಲ್ಲಿ ಬೆಸುಗೆ ಎದ್ದು ಕಾಣುತ್ತದೆ. ಉಚ್ಚಾರಕ್ಕೆ ಪದ ಬಿಡಿಸುವುದೂ ಆ ಬೆಸುಗೆಯಲ್ಲೇ. ಒತ್ತು ಮಾತ್ರ ಸಾಮಾನ್ಯವಾಗಿ ಮೊದಲ ಪದದ ಪಾಲು, ಎರಡನೆಯದಕ್ಕೆ ಉಳಿದಷ್ಟು. ಸುಮಳ ಮೈಸೂರು ನಾಲಿಗೆ ಎಲ್ಲ ಅಕ್ಷರಕ್ಕೂ ಒಂದೇ ಮರ್ಯಾದೆ ಕೊಡುತ್ತಿತ್ತು, ಅದಕ್ಕೇ ಈ ತಾಳ. ಹೆಚ್ಚು ತಟ್ಟುತ್ತಿದ್ದ ಪದ 'ಬಾರ್ನೆಹಾಗೆ'. ಮ್ಯಾಕ್ವೆರಿ ಪಾರ್ಕ್ ನಿಲ್ದಾಣ ಬರುವುದರೊಳಗೆ ಗುಟ್ಟಾಗಿ ಫೋನಿನಲ್ಲಿ ಹುಡುಕಿದೆ: ಮಕ್ಕಳ ತೋಟ, ಅಂದರೆ ಶಿಶುವಿಹಾರ. ಐವತ್ತು ದಾಟಿದ ಹೆಂಗಸಿಗೆ ನಾರ್ವೆಯ ಶಿಶುವಿಹಾರದಲ್ಲಿ ಏನು ಕೆಲಸ?

ಉತ್ತರ ಮೆಲ್ಬೋರ್ನಿನಿಂದ ಬಂತು. ಅಲ್ಲಿ ಕೆಲಸದಲ್ಲಿರುವ ಮಗಳು ಅನುಷಾ, ನಾರ್ವೆಯ ಎತ್ತರದ ಹುಡುಗನೊಬ್ಬನನ್ನು ಕರೆತಂದಳು. ಮದುವೆಯಾಗಿ ಅವನ ಊರಿಗೆ ಹೋಗುತ್ತಾರಂತೆ. ಅಲ್ಲಿ ಶಿಶುವಿಹಾರದಲ್ಲಿ ಕೆಲಸ ಮಾಡುವ ಬೀಗಿತ್ತಿಯ ಜೊತೆ ಮಾತಾಡಲು ಸುಮ ತಿಂಗಳುಗಟ್ಟಲೆ ತಯಾರಾಗಿದ್ದಳು. ನಮ್ಮ ಮನೆಗಳ ಪದ್ಧತಿಯೇ ಹೀಗೆ: ಸುದ್ದಿ ಮೊದಲು ಅಮ್ಮನಿಗೆ, ಎಲ್ಲ ಮುಗಿದ ಮೇಲೆ ಅಪ್ಪನಿಗೆ.

"ನಂಗ್ಯಾಕೆ ಹೇಳ್ಲಿಲ್ಲ?" ಎಂದು ಸುಮಳನ್ನು ಕೇಳಿದೆ.

"ಹೇಳಿದ್ರೆ ಹುಡುಗನ್ನೂ ಬಾಗಿಲ ಥರ ಜಗ್ಗಿ ನೋಡ್ತಿದ್ರಿ. ಅವ್ಳಿಗೆ ನಿಮ್ಮನ್ನ ಕಂಡ್ರೆ ಭಯ."

ಕೋಪ ಬರಲಿಲ್ಲ, ನೋವಾಯಿತು. ಜಗ್ಗಿ ನೋಡುವುದನ್ನೇ ನಾನು ಪ್ರೀತಿ ಅಂದುಕೊಂಡಿದ್ದೆ.

ಅವರಿಬ್ಬರೂ ಮೆಲ್ಬೋರ್ನಿಗೆ ಮರಳಿದ ಮೇಲೆ, ಸೋಮವಾರ ಮೆಟ್ರೋದಲ್ಲಿ ಸುಮಳ ಒಂದು ಕಿವಿಯ ಇಯರ್‌ಫೋನ್ ಕೇಳಿ ಪಡೆದೆ. ಪಾಠದಲ್ಲಿ 'ಬಾರ್ನೆಬಾರ್ನ್' ಬಂತು. ಮಗುವಿನ ಮಗು, ಮೊಮ್ಮಗು. ತಟ್ಟಿದೆ. ಮೊದಲ ಮಗುವಿನ ಮೇಲೆ ಪೆಟ್ಟು ಜೋರಾಗಿ ಬಿತ್ತು, ಎರಡನೆಯದರ ಮೇಲೆ ಹಗುರ. ಅದೇ ಸರಿ ಎಂದಳು ಸುಮ.

ನಾರ್ವೆಗೆ ಸರಿ, ನನ್ನ ಮನೆಯ ಮಗುವಿಗೆ ಆ ಜೋರು ಪೆಟ್ಟು ಬೇಡ ಅನ್ನಿಸಿತು. ಸಂಜೆ ಅನುಷಾಗೆ ಫೋನ್ ಮಾಡಿ, ಹುಡುಗನ ಸಂಬಳ, ವೀಸಾ, ಮನೆತನ ಯಾವುದನ್ನೂ ಕೇಳದೆ, ಊಟ ಆಯಿತಾ ಎಂದಷ್ಟೇ ಕೇಳಿದೆ.

ಮಗಳು ಥೇಟ್ ನನ್ನದೇ ಅನುಮಾನದ ದನಿಯಲ್ಲಿ ಕೇಳಿದಳು: "ಅಪ್ಪಾ, ಆರ್ ಯು ಓಕೆ?"