ಪಾಪಾಸುಕಳ್ಳಿಗೆ ಯಾವ ಊರು?

ಆನೆಗೊಂದಿ ಗುಡ್ಡದಿಂದ ತಂದ ಪಾಪಾಸುಕಳ್ಳಿಯನ್ನು ಒಂಬತ್ತು ವರ್ಷದಿಂದ ಸಾಕಿದ್ದೇನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಕಳೆದ ಭಾನುವಾರ ಗೊತ್ತಾಯಿತು, ಆ ಗಿಡ ಆನೆಗೊಂದಿಯನ್ನು ಕಂಡೇ ಇಲ್ಲ!

ನನ್ನ ಕ್ಯಾಕ್ಟಸ್ ಹುಚ್ಚು ನಿಮಗೆ ಗೊತ್ತೇ ಇದೆ. (ಕೊಪ್ಪಳದ ನಮ್ಮ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲೂ ಜಾಗವಿಲ್ಲ.) ಈ ಹುಚ್ಚಿಗೂ ಒಂದು ಶಿಸ್ತಿದೆ. ಪ್ರತಿ ಗಿಡಕ್ಕೂ ಒಂದು ಚೀಟಿ: ಹೆಸರು, ಊರು, ತಂದವರು.

ಗಂಗಾವತಿಯ ಮಾಸ್ತರರೊಬ್ಬರು ಜಿಲ್ಲೆಯ ಕಳ್ಳಿಗಳನ್ನೆಲ್ಲ ಊರುವಾರು ಕೂಡಿಸುತ್ತಿದ್ದಾರೆ. ನನ್ನದರ ಒಂದು ತುಂಡು ಬೇಕೆಂದು ಫೋನ್ ಮಾಡಿದರು.

“ಖಾತ್ರಿ ಐತಲ್ರಿ? ಊರು ಸುಳ್ಳಾದ್ರ ನನ್ನ ತ್ವಾಟದಾಗ ಜಾಗಾ ಇಲ್ರಿ.”

“ನಾನ ಕಿತ್ತು ತಂದೀನ್ರಿ!” ಎಂದೆ.

ಮಾಳಿಗೆಯ ಮೇಲೆ ಕೂತು ಆ ತುಂಡಿಗೆ ಚೀಟಿ ಬರೆಯುತ್ತಿದ್ದೆ. ಪಕ್ಕದ ಮಾಳಿಗೆಯಿಂದ ಗೌರಮ್ಮ ಇಣುಕಿದರು. “ಏನ್ ಬರಿಯಾಕತ್ತೀರಿ ಅಣ್ಣಾರ?”

ಓದಿ ಹೇಳಿದೆ.

“ಆನೆಗೊಂದೀದು? ಯಾರ್ ಹೇಳಿದ್ರು? ಅದು ಯಲಬುರ್ಗಾದಾಗ ನಮ್ಮ ತವರಮನಿ ಬಾವಿ ದಂಡೀದ್ರಿ! ನಿಮ್ಮ ವಾಸ್ತುಶಾಂತಿಗೆ ದೃಷ್ಟಿ ಆಗಬಾರ್ದಂತ ಬಾಗಲಕ್ಕ ಕಟ್ಟಿದ್ದಿಲ್ಲೇನು ನಾ?”

ಕಟ್ಟಿದ್ದು ನಿಜ. ಮಣ್ಣಿಲ್ಲದೆ, ನೀರಿಲ್ಲದೆ, ತಲೆಕೆಳಗಾಗಿ ತೂಗುತ್ತಲೇ ಅದು ಚಿಗುರಿದ್ದೂ ನೆನಪಿದೆ. ಆಮೇಲೆ ಎಲ್ಲಿ ಹೋಯಿತು? ಹೆಂಡತಿಯನ್ನು ಕೂಗಿದೆ. ಬಂದವಳು ನಕ್ಕಳು.

“ಗೌರಕ್ಕ ಹೇಳೂದು ಖರೇ ಐತ್ರಿ. ನಿಮ್ಮ ಆನೆಗೊಂದೀದು ಮೊದಲನೇ ಮಳಿಗಾಲದಾಗ ಕೊಳತು ಹೋತು. ಮ್ಯಾಲ ಮಳಿ, ಕೆಳಗ ನೀವು ಹಾಕೋ ನೀರು! ಊರಿಗೆ ಹೋದವ್ರು ಬಂದು ನೋಡಿ ಮಾರಿ ಸಣ್ಣ ಮಾಡ್ತೀರಂತ, ಗೌರಕ್ಕನ ಮುಂದನ ಬಾಗಲದಾಗಿಂದು ಬಿಚ್ಚಿ ಅದ ಪಾಟಿನ್ಯಾಗ ಹಚ್ಚಿದೆ.”

“ಒಂಬತ್ತು ವರ್ಷ ಹೇಳ್ಲಿಲ್ಲಲ್ಲ?”

“ನೀವ್ ಕೇಳಿದ್ರೇನು?”

ಪಾಪಾಸುಕಳ್ಳಿಯ ಕುಲವೇ ಅಮೆರಿಕದಿಂದ ಬಂದದ್ದು. ನಮ್ಮ ತಕರಾರು ಮಾತ್ರ ಆನೆಗೊಂದಿಯೋ ಯಲಬುರ್ಗಾವೋ ಎಂದು! ಹಾಗೆಂದು ನಗಬೇಕೆನ್ನುವಷ್ಟರಲ್ಲಿ ಗೌರಮ್ಮನ ದನಿ ಇಳಿಯಿತು.

“ಆ ಬಾವಿ ಮುಚ್ಯಾರ್ರಿ. ದಂಡಿ ಮ್ಯಾಲಿನ ಕಳ್ಳಿ ಎಲ್ಲಾ ಜೆಸಿಬಿ ಹಚ್ಚಿ ತಗದ್ರು. ಉಳದಿದ್ದು ಇದೊಂದ. ನಮ್ಮೂರ ಹೆಸರು ಹಾಕ್ರಿ ಅಣ್ಣಾ.”

ಮಾಸ್ತರರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಬೈಗುಳಕ್ಕೆ ಸಿದ್ಧನಾಗಿದ್ದೆ.

“ಯಲಬುರ್ಗಾದ್ದು ನನ್ನ ಕಡೆ ಒಂದೂ ಇಲ್ರಿ. ಎರಡು ತುಂಡು ಇಡ್ರಿ!” ಎಂದರು.

ಹೊಸ ಚೀಟಿ ಬರೆದೆ. ಊರು: ಯಲಬುರ್ಗಾ, ಬಾವಿ ದಂಡೆ. ತಂದವರು: ಗೌರಮ್ಮ. ಹೆಂಡತಿ ಬಗ್ಗಿ ಓದಿದಳು.

“ಬದುಕಿಸಿದಾಕಿ ಹೆಸರು ಎಲ್ಲಿ ಬರೀತೀರಿ?”

ಅಂಥ ಕಾಲಂ ನನ್ನ ಚೀಟಿಯಲ್ಲಿಲ್ಲ. ನಿಮ್ಮ ಮನೆಯ ಯಾವ ಕಾಗದದಲ್ಲಿದೆ, ಹೇಳಿ?