ಕೈಪಂಪಿನ ಹಿಡಿಯ ಕುಂಕುಮ

ಆಯುಧಪೂಜೆಯ ದಿನ ನನ್ನಾಕೆ ಮನೆಯ ಇನ್ವರ್ಟರಿಗೂ ಅದರ ಪಕ್ಕದ ಮೇನ್ ಸ್ವಿಚ್ಚಿಗೂ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟಳು. ವಾರ ಕಳೆದರೂ ಸ್ವಿಚ್ಚಿನ ಕುಂಕುಮ ಒಂದಿಷ್ಟೂ ಅಳಿಸಿರಲಿಲ್ಲ. ನಿನ್ನೆ ಅದನ್ನು ಕಂಡು ಅಲ್ಲೇ ನಿಂತುಬಿಟ್ಟೆ. ನಗಬೇಡಿ. ಅಳಿಸದ ಕುಂಕುಮಕ್ಕೆ ಹೆದರುವ ಗಂಡಸು ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ಎಂಬತ್ತರ ದಶಕದಲ್ಲಿ ಪೀಣ್ಯದ ತಗಡಿನ ಶೆಡ್ಡೊಂದರಲ್ಲಿ ನಾವು ವಿಮಾನದ ಪಂಪುಗಳನ್ನು ದುರಸ್ತಿ ಮಾಡುತ್ತಿದ್ದೆವು. ನಾನು ಇಂಜಿನಿಯರಿಂಗ್ ಮುಗಿಸಿ ಬಂದ ಹೊಸಬ. ಸಹಿ ನನ್ನದು, ಕೆಲಸ ರಂಗಪ್ಪ ಮೇಸ್ತ್ರಿಯದು. ಆನೇಕಲ್ ಕಡೆಯ ಮನುಷ್ಯ. ಎರಡೂ ಕಿವಿಗಳಿಗೆ ಒಂದೊಂದು ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದರು. ಒಂದು ಬಿದ್ದುಹೋದರೆ ಎಂದು.

ಆ ವರ್ಷ ಒಂದು ಕಂಪನಿಯ ಜೆಟ್ಟಿನ ಕೈಪಂಪು ನಮ್ಮಲ್ಲಿಗೆ ಬಂತು. ಸಮುದ್ರ ದಾಟಿ ಹಾರುವ ವಿಮಾನ. ನಡುವೆ ಇಳಿಯಲು ನೆಲವಿಲ್ಲ. ಹಾಗಾಗಿ ಎರಡೂ ಎಂಜಿನ್ನುಗಳಿಗೆ ಬೇರೆ ಬೇರೆ ಜನರೇಟರ್, ಬೇರೆ ಬೇರೆ ಹೈಡ್ರಾಲಿಕ್ ಪಂಪು. ಜನರೇಟರುಗಳು ಕೈಕೊಟ್ಟರೆ ಬ್ಯಾಟರಿ. ಎಣ್ಣೆಯ ಒತ್ತಡವೇ ಹೋದರೆ ಚಕ್ರ ಇಳಿಸಲು, ತನ್ನದೇ ಎಣ್ಣೆ ಇಟ್ಟುಕೊಂಡ ಈ ಕೈಪಂಪು. ಯಾರನ್ನೂ ಪೂರ್ತಿ ನಂಬದೆ ಕಟ್ಟಿದ ಯಂತ್ರ. ಅದರಿಂದ ನಾನು ಕಲಿತದ್ದು ಮಾತ್ರ ತಿರುಗಾಮುರುಗಾ: ಇಷ್ಟೆಲ್ಲ ಇರುವಾಗ ಈ ಕೈಪಂಪು ಯಾರಿಗೆ ಬೇಕು?

ದುರಸ್ತಿಯಾದ ಪಂಪಿನ ಹಿಡಿಯನ್ನು ಐವತ್ತು ಸಲ ಎಳೆದು, ಒತ್ತಡ ನಿಲ್ಲುವುದೇ ನೋಡಿ ಸಹಿ ಹಾಕಬೇಕು. ನಾನು ಹೋದಾಗ ಅದು ಆಯುಧಪೂಜೆಯ ಸಾಲಿನಲ್ಲಿ, ಹಿಡಿಗೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಪೂಜೆಗಿಟ್ಟದ್ದನ್ನು ಅಂದು ಮುಟ್ಟುವಂತಿಲ್ಲ. ಬೆಳಿಗ್ಗೆ ಎಳೆದರಾಯಿತು ಎಂದು ಕಾಗದಕ್ಕೆ ಸಹಿ ಮಾತ್ರ ಹಾಕಿದೆ. ಬೆಳಿಗ್ಗೆ ಬಸ್ಸು ತಡವಾಯಿತು. ನಾನು ಬರುವಷ್ಟರಲ್ಲಿ ಮೇಸ್ತ್ರಿ ಪಂಪನ್ನು ವಿಮಾನಕ್ಕೆ ಕೂರಿಸಲು ಒಯ್ದಾಗಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ರಿಪೇರಿ ಮಾಡಿದವರೂ ಸಹಿ ಹಾಕಿದವರೂ ಪರೀಕ್ಷಾ ಹಾರಾಟಕ್ಕೆ ಬರಬೇಕೆಂಬುದು ಆ ಜೆಟ್ಟಿನ ಪೈಲಟರ ಹಟ. ಎರಡು ದಿನದ ನಂತರ ಹಾರಿದೆವು. ಕೆಳಗೆ ಕುಂದಲಹಳ್ಳಿಯ ಹೊಲಗಳನ್ನು ಗುರುತಿಸಿ ನಾನು ಸಂಭ್ರಮಪಡುತ್ತಿದ್ದಾಗ ಎಲ್ಲೋ ಒಂದು ಕೊಳವೆ ಒಡೆದು, ಒತ್ತಡದ ಮುಳ್ಳು ಸೊನ್ನೆಗೆ ಬಿತ್ತು. ಚಕ್ರಗಳನ್ನು ಕೈಯಿಂದಲೇ ಇಳಿಸಬೇಕು ಎಂದರು ಪೈಲಟ್. ಮೇಸ್ತ್ರಿ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿದರು.

“ನೀವೇ ಎಳೀರಿ ಸಾರ್. ಸೈನ್ ನಿಮ್ದಲ್ವಾ.”

ಮೊಣಕಾಲೂರಿ ಎಳೆದೆ. ಮೊದಲ ನಾಲ್ಕು ಎಳೆತಕ್ಕೆ ಭಾರವೇ ಇಲ್ಲ, ಗಾಳಿಯನ್ನು ಎಳೆದಂತೆ. ಆ ನಾಲ್ಕನ್ನು ನಾನು ಇಂದಿಗೂ ಎಳೆಯುತ್ತಿದ್ದೇನೆ, ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ. ಐದನೆಯದಕ್ಕೆ ಭಾರ ಬಂತು. ಎಷ್ಟೋ ಹೊತ್ತಿನ ಮೇಲೆ, ಚಕ್ರಗಳು ಇಳಿದು ನಿಂತವೆಂದು ಹೇಳುವ ಮೂರು ಹಸಿರು ದೀಪ ಹತ್ತಿದವು.

ಇಳಿದ ಮೇಲೆ ಹುಲ್ಲಿನಲ್ಲಿ ಕೂತು ಮೇಸ್ತ್ರಿಗೆ ಎಲ್ಲ ಒಪ್ಪಿಸಿದೆ.

“ಗೊತ್ತಿತ್ತು ಬಿಡಿ. ಐವತ್ತು ಸಲ ಎಳೆದಿದ್ರೆ ಪಂಪಿನ ಇಡಿ ಮೇಲೆ ಕುಂಕುಮ ಅಂಗೇ ಇರ್ತಿತ್ತಾ?” ಒಯ್ಯುವ ಮೊದಲು ಅವರೇ ಎಳೆದು ನೋಡಿದ್ದರಂತೆ. ಎಣ್ಣೆ ಜಿನುಗಿತ್ತು. ಎಣ್ಣೆ ತಡೆಯುವ ರಬ್ಬರ್ ಸೀಲು ಬದಲಾಯಿಸಿ, ಮತ್ತೆ ಐವತ್ತು ಎಳೆದಿದ್ದರು. ನನ್ನ ಖಾಲಿ ನಾಲ್ಕು ಎಳೆತ ಕೊಳವೆಯಲ್ಲಿದ್ದ ಗಾಳಿಯದಂತೆ.

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ?”

“ನೀವು ಏಳ್ತೀರಾ ಅಂತ ಕಾಯ್ತಿದ್ದೆ.”

ಪೂಜೆಯಾದದ್ದನ್ನು ಹೇಗೆ ಮುಟ್ಟಲಿ ಎಂದು ಗೊಣಗಿದೆ. ಅವರು ಕಿವಿಯ ಪೆನ್ಸಿಲ್ ತೆಗೆದು ನೋಡಿ, ಮತ್ತೆ ಸಿಕ್ಕಿಸಿಕೊಂಡರು.

“ನಿಮ್ಮ ಪೆನ್ನಿಗೂ ಪೂಜೆ ಆಗಿತ್ತಲ್ಲ ಸಾರ್. ಅದನ್ನೆಂಗೆ ಮುಟ್ಟಿದ್ರಿ?”

ಈ ಕತೆಯನ್ನು ಮನೆಯಲ್ಲಿ ನಾನು ಬಹಳ ಸಲ ಹೇಳಿದ್ದೇನೆ, ಚಕ್ರ ಇಳಿಸಿದ ಧೀರನಾಗಿ. ಕುಂಕುಮದ ಭಾಗ ಬಿಟ್ಟು.

ನಿನ್ನೆ, ಇನ್ವರ್ಟರ್ ಕೈಕೊಡುವುದಿಲ್ಲವಷ್ಟೇ ಎಂದು ನೋಡಲು, ಮೇನ್ ಸ್ವಿಚ್ ಕೆಳಗೆಳೆದೆ. ಮನೆ ಒಂದು ಕ್ಷಣ ಕಣ್ಣು ಮುಚ್ಚಿತು. ಇನ್ವರ್ಟರ್ ಗುಂಯ್ ಎಂದು ದೀಪಗಳು ಬಂದವು. ಕರೆಂಟ್ ಹೋಯಿತೇ ಎಂದು ಕೇಳುತ್ತ ಬಂದವಳು ನನ್ನ ಕೆಂಪು ಬೆರಳು ನೋಡಿ ನಿಂತಳು. ಆಗ, ಬಿಟ್ಟ ಭಾಗವನ್ನೂ ಹೇಳಿದೆ.

ಆಕೆ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು, ಸ್ವಿಚ್ಚಿಗೆ ಮತ್ತೆ ಹಚ್ಚಿದಳು.

“ಬರೋ ವಾರಾನೂ ಅಳಿಸಿರ್ಬೇಕು ನೋಡಿ,” ಎಂದಳು.