ಏಕಾದಶಿಯ ಹಾಲಿನ ಮೀಸೆ

ಶೇಂಗಾ, ಬಾಳೆಹಣ್ಣು ಹಾಕಿ ಹಾಲು ಕಡೆಯುವ ವಿದ್ಯೆಯಲ್ಲಿ ಪುಣೆಯ ನಮ್ಮ ವಾಡೆಯ ಹತ್ತು ಬಿಡಾರಗಳೊಳಗೆ ನನ್ನನ್ನು ಮೀರಿಸುವವರಿಲ್ಲ. ಹೇಳಿಕೊಳ್ಳಲು ನನಗಿರುವುದು ಇದೊಂದೇ ವಿದ್ಯೆ; ಈಗ ಅದನ್ನು ಹೇಳಿಕೊಳ್ಳಲೂ ನಾಚಿಕೆ.

ಕೆಲಸವೇನೋ ಸುಲಭ. ಹುರಿದ ಶೇಂಗಾದ ಸಿಪ್ಪೆ ಊದಿ ಹಾರಿಸಿ, ಕಾಳು ಎಣ್ಣೆ ಬಿಟ್ಟು ಬೆಣ್ಣೆಯಂತಾಗುವವರೆಗೆ ಅರೆಯಬೇಕು. ಹಣ್ಣು ಕಿವುಚಿ, ಬೆಲ್ಲ ಹಾಕಿ, ಆರಿದ ಹಾಲು ಸುರಿದು ಕಡಗೋಲು ಆಡಿಸಿದರೆ ನೊರೆ ಏಳುತ್ತದೆ. ಸಕ್ಕರೆಯಾದರೆ ಇನ್ನೂ ಚೆಂದ, ಆದರೆ ಈ ಯುದ್ಧದ ಕಾಲದಲ್ಲಿ ರೇಶನ್ ಸಕ್ಕರೆ ಚಹಾಕ್ಕೇ ಸಾಲದು. ಒಂದು ಎಚ್ಚರ ಮಾತ್ರ ಬೇಕು. ಒಂದೇ ಒಂದು ಕಹಿ ಕಾಳು ಸೇರಿದರೂ ಇಡೀ ಪಾತ್ರೆ ಕೆಡುತ್ತದೆ, ಆದ್ದರಿಂದ ರುಚಿ ನೋಡದೆ ಯಾರಿಗೂ ಕೊಡಬಾರದು. ಹೆಂಡತಿ ತವರಿಗೆ ಹೋದಾಗ ನಾನು ಬದುಕುವುದೇ ಇದರ ಮೇಲೆ.

ಇದಕ್ಕೆ ಇನ್ನೊಂದು ಗುಣವೂ ಉಂಟು. ಮರಾಠಿ ಜನರ ಉಪವಾಸಕ್ಕೆ ಶೇಂಗಾ, ಹಣ್ಣು, ಹಾಲು ಎಲ್ಲ ನಡೆಯುತ್ತದೆ. ಏಕಾದಶಿ ಬಂತೆಂದರೆ ಇಮ್ಮಡಿ ತಿನ್ನುವುದು ಎಂದು ಅವರೇ ಗಾದೆ ಹೇಳಿ ನಗುತ್ತಾರೆ. ಧಾರವಾಡದ ನಮ್ಮ ಮನೆಯ ಏಕಾದಶಿಗೋ ಹನಿ ನೀರೂ ಇಲ್ಲ. ಊರು ಬಿಟ್ಟು ಬಂದವನು ಎರಡು ಪದ್ಧತಿಗಳಲ್ಲಿ ಹೊಟ್ಟೆಗೆ ಹಿತವಾದದ್ದನ್ನು ಆರಿಸಿಕೊಂಡರೆ ತಪ್ಪೇನು? ಏನೂ ಇಲ್ಲ, ಅಕ್ಕ ಬರುವವರೆಗೆ.

ತಾಯಿ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ತಮ್ಮ ಪುಣೆಗೆ ಹೋದರೂ ಕೆಡಲಿಲ್ಲವೆಂದು ಓಣಿಗೆಲ್ಲ ಹೇಳಿಕೊಂಡವಳು. ಹೆಂಡತಿ ತವರಿಗೆ ಹೋಗಿದ್ದ ಆಷಾಢದಲ್ಲಿ ಬಂದಾಗ, ಏಕಾದಶಿಯ ಮುಂಜಾನೆ, ಉಪವಾಸ ನಡೆಸಿದ್ದೀಯಷ್ಟೇ ಎಂದು ಕೇಳಿದಳು. ಒಂದೂ ಬಿಟ್ಟಿಲ್ಲ ಎಂದೆ. ಆಕೆಯ ಮುಖ ಅರಳಿತು.

ಸಂಜೆ ಎದುರುಮನೆಯ ಮರಾಠಿ ಕಾಕೂ ಅಕ್ಕನನ್ನು ಕಾಣಲು ಬಂದರು. ಅವರಿಗೂ ಉಪವಾಸ, ಅಂದರೆ ಅವರ ಬಗೆಯದು. ಮನೆಗೆ ಬಂದವರಿಗೆ ನನ್ನ ವಿದ್ಯೆ ತೋರಿಸದೆ ಇರಲಾದೀತೇ? ಅಡಿಗೆಮನೆಯಲ್ಲಿ ಹಾಲು ಕಡೆದು, ರೂಢಿಯಂತೆ ಬಟ್ಟಲಿಗೆ ತುಸು ಬಗ್ಗಿಸಿಕೊಂಡು ರುಚಿ ನೋಡಿದೆ. ಚೆನ್ನಾಗಿತ್ತು, ಇನ್ನಷ್ಟು ನೋಡಿದೆ.

ಲೋಟ ಹಿಡಿದು ಹೊರಬಂದರೆ ಕಾಕೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಕ್ಕ ನಗಲಿಲ್ಲ. ಸಮುದ್ರ ಕಡೆದಾಗಲೂ ಕದ್ದು ಕುಡಿದ ರಾಹು ಪಂಕ್ತಿಯಲ್ಲೇ ಸಿಕ್ಕಿಬಿದ್ದ. ಅವನಿಗೆ ತಲೆ ಹೋಯಿತು. ನುಣ್ಣಗೆ ಬೋಳಿಸಿಕೊಂಡ ನನಗೆ ನೊರೆಯ ಮೀಸೆ ಬಂದಿತ್ತು. ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ.

ಕಾಕೂ ಹೋದ ಮೇಲೆ ಅಕ್ಕ ಹೇಳಿದ್ದು ಇಷ್ಟೇ: "ಮಾರಿ ತೊಳಕೋ. ನಾಳೆ ಉಪಾಸ ಬಿಡೂ ಮುಂದ ನನಗೂ ಅದನ್ನ ಮಾಡಿಕೊಡು."

ಬೈದಿದ್ದರೆ ಹಗುರಾಗುತ್ತಿದ್ದೆ. ದ್ವಾದಶಿಯ ಮುಂಜಾನೆ ಸ್ನಾನ ಮಾಡಿ, ತುಟಿ ಬಿಗಿಹಿಡಿದು, ಹನಿಯೂ ರುಚಿ ನೋಡದೆ ಕಡೆದೆ. ಅಕ್ಕ ತೀರ್ಥ ತೆಗೆದುಕೊಂಡು, ಲೋಟ ಎತ್ತಿಹಿಡಿದು ಪೂರ್ತಿ ಕುಡಿದಳು. ಭಾಳ ಛೊಲೊ ಆಗೇದ ಎಂದಳು. ಜೀವ ಬಂದಂತಾಗಿ ಪಾತ್ರೆಯಲ್ಲಿ ಉಳಿದದ್ದನ್ನು ನಾನು ಬಾಯಿಗೆ ಸುರಿದುಕೊಂಡೆ. ಬೇವಿನಷ್ಟು ಕಹಿ!

"ಅಕ್ಕಾ, ಇದನ್ನ ಹ್ಯಾಂಗ ಕುಡದಿ?"

"ನೀ ಒಂದು ಸುಳ್ಳು ಹೇಳಿದಿ, ನಾ ಒಂದು ಹೇಳಿದೆ," ಎಂದಳು ಅಕ್ಕ. "ಇನ್ನ ಮ್ಯಾಲ ರುಚಿ ನೋಡೇ ಮಾಡು. ಹೇಳಿ ಕುಡಿ."

ಈಗ ನಾನು ಮರಾಠಿ ಏಕಾದಶಿಯನ್ನೇ ಮಾಡುತ್ತೇನೆ, ಅಕ್ಕನಿಗೆ ತಿಳಿಸಿಯೇ ಮಾಡುತ್ತೇನೆ. ಆದರೂ ಲೋಟ ಕೆಳಗಿಟ್ಟೊಡನೆ ಕೈ ತಾನಾಗಿ ಮೇಲ್ದುಟಿಗೆ ಹೋಗುತ್ತದೆ.